ಓಪನಿಂಗ್ ಮುಗಿದ ಮೇಲೆ ಏನು ಆಡಬೇಕು? ಚೆಸ್ ಸೂತ್ರಗಳ ಬಗ್ಗೆ ಒಂದು ಚರ್ಚೆ

ಹದಿನೈದನೇ_ನಡೆ:

ಎಲ್ಲರಿಗೂ ನಮಸ್ಕಾರ. ರ‍್ಯಾಪಿಡ್ (ಕಡಿಮೆ ಸಮಯದ ಚೆಸ್) ಆಡುತ್ತೇನೆ, ರೇಟಿಂಗ್ 1300ರ ಆಸುಪಾಸು. ಪಜಲ್‌ಗಳಲ್ಲಿ ಪರವಾಗಿಲ್ಲ. ಓಪನಿಂಗ್‌ನಲ್ಲಿ ಸೋಲುವುದೂ ಕಡಿಮೆ. ನನ್ನ ಸಮಸ್ಯೆ ಅದಾದ ಮೇಲಿನದು. ಕಾಯಿಗಳೆಲ್ಲ ಹೊರಗೆ ಬಂದಿರುತ್ತವೆ, ಕ್ಯಾಸಲಿಂಗ್ (ರಾಜನನ್ನು ಆನೆಯ ಪಕ್ಕ ಭದ್ರ ಮಾಡುವ ನಡೆ) ಆಗಿರುತ್ತದೆ, ಹೊಡೆಯೋಕೆ ಏನೂ ಕಾಣುವುದಿಲ್ಲ. ಆಗ ಕೈ ತಾನಾಗಿಯೇ ಎಚ್3ಕ್ಕೆ ಹೋಗುತ್ತದೆ. ಆಮೇಲೆ ಎ3. ಅಷ್ಟರಲ್ಲಿ ಎದುರಾಳಿ ಕಾಯಿಗಳನ್ನೆಲ್ಲ ಒಂದು ಕಡೆ ಸೇರಿಸಿ ಮುಗಿಸಿರುತ್ತಾನೆ.

ಸೂತ್ರಗಳು ಗೊತ್ತಿಲ್ಲ ಅಂತಲ್ಲ. ಸೆಂಟರ್ ಹಿಡಿ, ಕುದುರೆಯನ್ನು ಅಂಚಿಗೆ ಕಳಿಸಬೇಡ, ಆನೆಗೆ ತೆರೆದ ಫೈಲ್ (ಕಾಲಾಳು ಇಲ್ಲದ ಉದ್ದ ಸಾಲು) ಕೊಡು, ಎರಡೂ ಒಂಟೆ ಉಳಿಸಿಕೋ. ಎಲ್ಲ ಬಾಯಿಪಾಠ. ಆದರೆ ಈಗ, ಈ ಪೊಸಿಷನ್‌ನಲ್ಲಿ, ಯಾವುದನ್ನು ಬಳಸಬೇಕು ಅನ್ನೋದೇ ಹೊಳೆಯಲ್ಲ. ಬಿಳಿ ಕಾಯಿಯಲ್ಲಿ ಪದೇ ಪದೇ ಬರುವ ಒಂದು ಪೊಸಿಷನ್ ಕೊಡುತ್ತೇನೆ:

1. ಡಿ4 ಡಿ5 2. ಸಿ4 ಇ6 3. ಕುದುರೆ ಸಿ3, ಕುದುರೆ ಎಫ್6 4. ಸಿ ಪಾನ್ ಡಿ5ರಲ್ಲಿ ಹೊಡೆಯುತ್ತದೆ, ಇ ಪಾನ್ ತಿರುಗಿ ಹೊಡೆಯುತ್ತದೆ 5. ಒಂಟೆ ಜಿ5, ಒಂಟೆ ಇ7 6. ಇ3 ಸಿ6 7. ಒಂಟೆ ಡಿ3, ಕ್ಯಾಸಲಿಂಗ್ 8. ರಾಣಿ ಸಿ2, ಇನ್ನೊಂದು ಕುದುರೆ ಡಿ7 9. ಕುದುರೆ ಎಫ್3, ಆನೆ ಇ8 10. ಕ್ಯಾಸಲಿಂಗ್, ಡಿ7 ಕುದುರೆ ಎಫ್8.

ಈಗ ಬಿಳಿಯ ಸರದಿ. (ಆನೆ ಅಂದರೆ ರೂಕ್, ಒಂಟೆ ಅಂದರೆ ಬಿಷಪ್, ಪಾನ್ ಅಂದರೆ ಕಾಲಾಳು. ಡಿ4, ಎಚ್3 ಇವೆಲ್ಲ ಮನೆಗಳ ಹೆಸರು. ಬೇರೆ ಥರ ಕರೆಯುವವರೂ ಇದ್ದಾರೆ, ಅದಕ್ಕೆ ಹೇಳಿದೆ.) ನೀವಾಗಿದ್ದರೆ ಇಲ್ಲಿ ಏನು ಯೋಚಿಸುತ್ತೀರಿ? ನಡೆ ಹೇಳುವುದಕ್ಕಿಂತ ಯೋಚನೆ ಹೇಳಿದರೆ ಉಪಕಾರ.

ಆನೆಬಲ:

ಮೊದಲಿಗೆ, ಇಲ್ಲಿ ಎಚ್3 ಕೆಟ್ಟ ನಡೆಯೇನಲ್ಲ. ದೊಡ್ಡ ಆಟಗಾರರೂ ಆಡಿದ್ದಾರೆ. ಯಾಕೆ ಆಡಿದೆ ಅಂತ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇಲ್ಲ, ಅಷ್ಟೇ ತೊಂದರೆ.

ನಾನು ಮೊದಲು ನೋಡುವುದು ಪಾನ್‌ಗಳನ್ನು. ಮನಸ್ಸಿನಲ್ಲೇ ಮಿಕ್ಕ ಕಾಯಿಗಳನ್ನೆಲ್ಲ ತೆಗೆದುಬಿಡಿ. ರಾಣಿ ಇಲ್ಲ, ಕುದುರೆ ಇಲ್ಲ, ಏನೂ ಇಲ್ಲ. ಏನು ಉಳಿಯಿತು? ಬಿಳಿಗೆ ಎ2, ಬಿ2, ಡಿ4, ಇ3, ಆಮೇಲೆ ರಾಜನ ಕಡೆ ಮೂರು. ಕಪ್ಪಿಗೆ ಎ7, ಬಿ7, ಸಿ6, ಡಿ5, ರಾಜನ ಕಡೆ ಮೂರು. ಬಿಳಿಗೆ ಸಿ ಫೈಲ್ ಅರ್ಧ ತೆರೆದಿದೆ (ಸ್ವಂತ ಪಾನ್ ಇಲ್ಲ, ಎದುರಾಳಿಯದು ಇದೆ), ಕಪ್ಪಿಗೆ ಇ ಫೈಲ್. ಈ ಅಸ್ಥಿಪಂಜರದಲ್ಲೇ ಇಬ್ಬರ ಪ್ಲಾನೂ ಇದೆ.

ರಾಣಿ ಕಡೆ ನಮ್ಮ ಪಾನ್ ಎರಡು, ಅವರ ಪಾನ್ ಮೂರು. ಎರಡನ್ನಿಟ್ಟುಕೊಂಡು ಮೂರರ ಮೇಲೆ ಹೋಗೋದು ಹುಚ್ಚುತನದ ಹಾಗೆ ಕಾಣುತ್ತದೆ ಅಲ್ವಾ? ಆದರೆ ಇಲ್ಲಿ ಅದೇ ಪ್ಲಾನ್. ಇದಕ್ಕೆ ಮೈನಾರಿಟಿ ಅಟ್ಯಾಕ್ ಅಂತಾರೆ. ಎ1 ಆನೆಯನ್ನು ಬಿ1ಕ್ಕೆ ತಂದು, ಬಿ4, ಆಮೇಲೆ ಬಿ5. ಕಪ್ಪು ತಡೆಯೋಕೆ ಎ5 ಹಾಕಿದರೆ ಎ3 ಹಾಕಿ, ಎ ಪಾನ್‌ಗಳು ಹೋದರೂ ಚಿಂತೆ ಇಲ್ಲ ಅಂತ ಮುಂದುವರಿಯುವುದು.

ಬಿ5 ಬಂದಾಗ ಕಪ್ಪಿನ ಪಾಡು ನೋಡಿ. ಸುಮ್ಮನಿದ್ದರೆ ನಾವು ಸಿ6ರಲ್ಲಿ ಹೊಡೆಯುತ್ತೇವೆ, ಅವರು ಬಿ ಪಾನಿನಿಂದ ತಿರುಗಿ ಹೊಡೆಯುತ್ತಾರೆ. ಈಗ ಸಿ6 ಪಾನ್ ಹಿಂದುಳಿದ ಪಾನ್ (ಅದನ್ನು ಕಾಯೋಕೆ ಬೇರೆ ಪಾನ್ ಇಲ್ಲ), ಅದೂ ನಮ್ಮ ಆನೆಗಳ ಫೈಲ್‌ನಲ್ಲೇ. ಅವರೇ ಬಿ5ರಲ್ಲಿ ಹೊಡೆದರೆ ಡಿ5 ಪಾನ್ ಒಂಟಿಯಾಗುತ್ತದೆ. ಸಿ5 ತಳ್ಳಿದರೆ ನಾವು ಹೊಡೆಯುತ್ತೇವೆ, ಆಗಲೂ ಡಿ5 ಒಂಟಿ. ಮೂರು ದಾರಿ ಇದೆ, ಮೂರರಲ್ಲೂ ಒಂದು ಹುಳುಕು. ನಮಗೆ ಬೇಕಾಗಿದ್ದು ಅದೇ: ಹೊಡೆಯೋಕೆ ಏನೂ ಇಲ್ಲದಿದ್ದಾಗ, ಮುಂದೆ ಹೊಡೆಯೋಕೆ ಒಂದನ್ನು ಮಾಡಿಕೊಳ್ಳುವುದು.

ಇದರಲ್ಲಿ ನಿಮ್ಮ ಬಾಯಿಪಾಠದ ಸೂತ್ರ ಯಾವುದು? ‘ಆನೆಗೆ ತೆರೆದ ಫೈಲ್ ಕೊಡು’ ಅಂತ ನೋಡಿದ್ದರೆ ಸಿ1ಕ್ಕೆ ಹೋಗುತ್ತಿದ್ದಿರಿ. ಆದರೆ ಇವತ್ತಿನ ಕೆಲಸ ಬಿ ಪಾನ್ ಮುಂದೆ ತಳ್ಳುವುದು, ಹಾಗಾಗಿ ಆನೆ ಬಿ1ರಲ್ಲಿ. ಪಾನ್ ರಚನೆ ಪ್ಲಾನ್ ಹೇಳುತ್ತದೆ, ಪ್ಲಾನ್ ಕಾಯಿಗೆ ಮನೆ ಹೇಳುತ್ತದೆ. ಸೂತ್ರ ಆ ಎರಡರ ನಡುವೆ ಎಲ್ಲೋ ಬರುತ್ತದೆ.

ಸುಮ್ನೆ_ಪಾನ್:

ಆನೆಬಲ ಸರ್ ಹೇಳಿದ್ದು ತಪ್ಪು ಅನ್ನುತ್ತಿಲ್ಲ. ಆದರೆ 1300 ರೇಟಿಂಗ್‌ಗೆ ಮೈನಾರಿಟಿ ಅಟ್ಯಾಕ್ ಯಾಕೆ ಸ್ವಾಮಿ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಹಾಗಾಯ್ತು. ಈ ಲೆವೆಲ್‌ನಲ್ಲಿ ಹೆಚ್ಚಿನ ಗೇಮ್ ಮುಗಿಯೋದು ಯಾರೋ ಒಬ್ಬರು ಕುದುರೆಯನ್ನೋ ಆನೆಯನ್ನೋ ಪುಕ್ಕಟೆ ಕೊಟ್ಟಾಗ. ಸಿ6 ಪಾನ್ ಹಿಂದುಳಿದಿದೆ ಅಂತ ಅಲ್ಲ.

ನನ್ನ ಸಲಹೆ ಇಷ್ಟೇ. ಪ್ರತಿ ನಡೆಗೆ ಮುಂಚೆ ನೋಡಿ: ಎಲ್ಲಿ ಚೆಕ್ ಇದೆ, ಎಲ್ಲಿ ಹೊಡೆತ ಇದೆ, ಎಲ್ಲಿ ಬೆದರಿಕೆ ಇದೆ. ನಿಮ್ಮದೂ ನೋಡಿ, ಅವರದೂ ನೋಡಿ. ಇದನ್ನೇ ಬಿಡದೆ ಮಾಡಿದರೆ ಸ್ಟ್ರಾಟೆಜಿ ಇಲ್ಲದೆಯೂ ಬಹಳ ದೂರ ಹೋಗಬಹುದು.

ಕರಿ_ಒಂಟೆ:

ಸುಮ್ನೆ_ಪಾನ್ ಅವರೇ, ಅರ್ಧ ಒಪ್ಪುತ್ತೇನೆ. ಇನ್ನರ್ಧ ಒಪ್ಪಲ್ಲ.

ಪುಕ್ಕಟೆ ಕಾಯಿ ಹೋಗುವುದು ಆಕಾಶದಿಂದ ಬೀಳಲ್ಲ. ಕಾವಲಿಲ್ಲದ ಕಾಯಿಗಳು ಅಲ್ಲಲ್ಲಿ ಚೆಲ್ಲಾಪಿಲ್ಲಿ ಇದ್ದರೆ ಫೋರ್ಕ್ (ಒಂದೇ ಕಾಯಿ ಎರಡರ ಮೇಲೆ ಬೀಳುವುದು), ಪಿನ್ (ಹಿಂದಿರುವ ಕಾಯಿಗಾಗಿ ಮುಂದಿನದು ಕದಲದ ಹಾಗಾಗುವುದು) ಎಲ್ಲ ತಾವಾಗಿಯೇ ಬರುತ್ತವೆ. ಕಾಯಿಗಳು ಒಂದನ್ನೊಂದು ಕಾಯುತ್ತಾ ಇದ್ದರೆ ಎದುರಾಳಿ ಎಷ್ಟೇ ಜಾಣನಾದರೂ ಟ್ಯಾಕ್ಟಿಕ್ಸ್ ಸಿಗುವುದು ಕಷ್ಟ. ಕಾಯಿ ಎಲ್ಲಿಡಬೇಕು ಅನ್ನೋದು ಸ್ಟ್ರಾಟೆಜಿಯ ಪ್ರಶ್ನೆ. ಅದರ ಫಲ ಟ್ಯಾಕ್ಟಿಕ್ಸ್‌ನಲ್ಲಿ ಸಿಗುತ್ತದೆ.

ಹದಿನೈದನೇ_ನಡೆ ಅವರಿಗೆ ನನ್ನ ಕಡೆಯಿಂದ ಎರಡು ಪ್ರಶ್ನೆ. ಏನೂ ತೋಚದಿದ್ದಾಗ ಇವನ್ನು ಕೇಳಿಕೊಳ್ಳಿ.

ಒಂದು: ಈಗ ನಾನು ನಡೆ ಆಡದೆ ಸುಮ್ಮನೆ ಕೂತರೆ, ಎದುರಾಳಿ ಏನು ಆಡುತ್ತಾನೆ? ನಿಮ್ಮ ಪೊಸಿಷನ್‌ನಲ್ಲೇ ನೋಡಿ. ಕಪ್ಪಿಗೆ ಕುದುರೆಯನ್ನು ಇ4ಕ್ಕೆ ತರುವ ಆಸೆ. ಇನ್ನೊಂದು ಕುದುರೆ ಜಿ6ಕ್ಕೆ ಬಂದು ರಾಜನ ಕಡೆ ಜೊತೆ ಸೇರುತ್ತದೆ. ಸಿ8 ಒಂಟೆ ಜಿ4ಕ್ಕೆ. ನೀವು ರಾಣಿ ಕಡೆ ಕೆಲಸ ಮಾಡುವಾಗ ಅವರು ನಿಮ್ಮ ರಾಜನ ಕಡೆ ಬರುತ್ತಾರೆ. ಹಾಗಾಗಿ ಬಿ4 ಆಡುವ ಮೊದಲೇ, ಇ4ಕ್ಕೆ ಕುದುರೆ ಬಂದರೆ ಹೊಡೆಯುತ್ತೇನೋ ಬಿಡುತ್ತೇನೋ ಅಂತ ಲೆಕ್ಕ ಇರಬೇಕು. ಎದುರಾಳಿಯ ಆಸೆಯನ್ನು ಮೊದಲೇ ತಡೆಯುವ ಈ ಅಭ್ಯಾಸವನ್ನು ದೊಡ್ಡದಾಗಿ ಪ್ರಚಾರ ಮಾಡಿದವರು ಆಟಗಾರ, ಲೇಖಕ ನಿಮ್ಜೋವಿಚ್. ಅದನ್ನು ಬೋರ್ಡ್ ಮೇಲೆ ಬದುಕಿದವರು 1963ರಿಂದ 1969ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಪೆಟ್ರೋಸಿಯನ್.

ಎರಡು: ನನ್ನ ಕಾಯಿಗಳಲ್ಲಿ ಕೆಲಸವಿಲ್ಲದೆ ಕೂತಿರೋದು ಯಾವುದು? ಕಪ್ಪಿನ ಕೊನೆಯ ನಡೆ, ಅಂದರೆ ಡಿ7 ಕುದುರೆ ಎಫ್8ಕ್ಕೆ ಹೋಗಿದ್ದು, ಇದೇ ಪ್ರಶ್ನೆಗೆ ಉತ್ತರ. ಡಿ7ರಲ್ಲಿದ್ದಾಗ ಆ ಕುದುರೆ ಸ್ವಂತ ಒಂಟೆಯ ದಾರಿಗೇ ಅಡ್ಡ ನಿಂತಿತ್ತು. ಎಫ್8ಕ್ಕೆ ಹೋದ ಕೂಡಲೇ ಒಂಟೆಗೆ ದಾರಿ ಬಿಟ್ಟಿತು, ಎಚ್7ಗೆ ಕಾವಲಾಯಿತು, ಜಿ6ಕ್ಕೆ ಹೋಗುವ ದಾರಿಯೂ ಆಯಿತು. ನೋಡೋಕೆ ಹಿಂದಕ್ಕೆ ಹೋದ ಹಾಗಿದೆ. ಆದರೆ ಒಂದೇ ನಡೆಯಲ್ಲಿ ಮೂರು ಕೆಲಸ.

ಹದಿನೈದನೇ_ನಡೆ:

ಆ ಎಫ್8 ನಡೆ ನೋಡಿ ‘ಇವನು ಟೈಮ್ ಹಾಳು ಮಾಡ್ತಿದ್ದಾನೆ’ ಅಂದುಕೊಳ್ಳುತ್ತಿದ್ದೆ. ಧನ್ಯವಾದ ಮೇಡಂ.

ಇನ್ನೊಂದು ಸಂದೇಹ. ಕಾಯಿ ಬದಲಾಯಿಸಿಕೊಳ್ಳುವ ಅವಕಾಶ ಬಂದರೆ ಒಪ್ಪಿಕೊಳ್ಳಬೇಕೋ ಬೇಡವೋ? ಸಮಕ್ಕೆ ಸಮ ಹೋಗುತ್ತದೆ, ಆಟ ಸರಳ ಆಗುತ್ತದೆ ಅಂತ ನಾನು ಯಾವಾಗಲೂ ಒಪ್ಪಿಕೊಳ್ಳುತ್ತೇನೆ.

ಜುಗ್ಜ್ವಾಂಗ್:

ಈ ಪ್ರಶ್ನೆಗೆ ಕಾಯ್ತಾ ಇದ್ದೆ. ನನ್ನ ಪ್ರಕಾರ ಮಿಡಲ್‌ಗೇಮ್‌ನಲ್ಲಿ ಅತಿ ಹೆಚ್ಚು ಗೇಮ್‌ಗಳು ಕೈ ತಪ್ಪೋದು ಇಲ್ಲೇ. ‘ಸಮಕ್ಕೆ ಸಮ’ ಅನ್ನೋದು ಪಾಯಿಂಟ್ ಲೆಕ್ಕ. ಬೋರ್ಡಿನಿಂದ ಏನು ಹೋಯಿತು ಅನ್ನೋದಕ್ಕಿಂತ ಏನು ಉಳಿಯಿತು ಅನ್ನೋದು ಮುಖ್ಯ.

ಇದಕ್ಕೆ ಫಿಷರ್ ಮತ್ತು ಪೆಟ್ರೋಸಿಯನ್ ನಡುವಿನ ಒಂದು ಗೇಮ್ ನೋಡಲೇಬೇಕು. 1971, ಬ್ಯೂನಸ್ ಐರಿಸ್, ಕ್ಯಾಂಡಿಡೇಟ್ಸ್ (ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಸ್ಪರ್ಧೆ) ಫೈನಲ್, ಏಳನೇ ಗೇಮ್. ಫಿಷರ್ ಬಿಳಿ. ಅವರ ಕುದುರೆ ಸಿ5ರಲ್ಲಿ ಕೂತಿದೆ. ಪಾನಿನ ಕಾವಲಿದೆ, ಅಲ್ಲಿಂದ ಓಡಿಸೋಕೆ ಕಪ್ಪಿನ ಹತ್ತಿರ ಪಾನ್ ಇಲ್ಲ. ಯಾರು ನೋಡಿದರೂ ಬೋರ್ಡಿನ ಮೇಲಿನ ರಾಜಗಾಂಭೀರ್ಯದ ಕಾಯಿ ಅದೇ. ಪೆಟ್ರೋಸಿಯನ್ ಒಂಟೆ ಡಿ7ರಲ್ಲಿ ಮುದುಡಿಕೊಂಡಿದೆ. 22ನೇ ನಡೆಯಲ್ಲಿ ಫಿಷರ್ ಆ ಕುದುರೆಯಿಂದ ಆ ಒಂಟೆಯನ್ನು ಹೊಡೆದರು!

ಇಷ್ಟು ಒಳ್ಳೆ ಕುದುರೆ ಕೊಟ್ಟು ಅಂಥ ಒಂಟೆ ತೆಗೆದುಕೊಳ್ಳೋದೇ? ಆದರೆ ಆ ಒಂಟೆಗೆ ಒಂದು ಕೆಲಸ ಸಿಗುವುದರಲ್ಲಿತ್ತು. ಬಿ5ಕ್ಕೆ ಬಂದು ಫಿಷರ್‌ನ ಡಿ3 ಒಂಟೆಯ ಜೊತೆ ಬದಲಾಗಿಬಿಟ್ಟರೆ ಕಪ್ಪು ಉಸಿರಾಡಬಹುದಿತ್ತು. ಅದು ತಪ್ಪಿತು. ಕುದುರೆ ಹೋದ ಕೂಡಲೇ ಸಿ ಫೈಲ್ ಖಾಲಿಯಾಯಿತು, ಮುಂದಿನ ನಡೆಗೇ ಆನೆ ಸಿ1, ಅದರ ಮುಂದಿನ ನಡೆಗೆ ಆನೆ ಸಿ7. ಆಮೇಲೆ ರಾಜ ಮೆಲ್ಲಗೆ ಸೆಂಟರ್‌ಗೆ ನಡೆದ. ಎರಡನೇ ಆನೆಯೂ ಏಳನೇ ಸಾಲಿಗೆ ಹೋಯಿತು. 34ನೇ ನಡೆಗೆ ಪೆಟ್ರೋಸಿಯನ್ ಸೋಲೊಪ್ಪಿದರು. ತಡೆಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಅನ್ನುತ್ತಿದ್ದ ಕಾಲ ಅದು.

ಹಾಗಾಗಿ ಬದಲಾಯಿಸುವ ಮುಂಚೆ ಬೋರ್ಡಿನ ಮೇಲೆ ಆ ಎರಡು ಕಾಯಿ ಇಲ್ಲ ಅಂತ ಅಂದುಕೊಂಡು ನೋಡಿ. ಯಾರ ಕೈ ಮೇಲಾಗಿದೆ? ಯಾವ ಫೈಲ್ ತೆರೆಯಿತು? ಯಾವ ಮನೆ ಕಾವಲು ಕಳೆದುಕೊಂಡಿತು?

ಮಾಮೂಲಿ ನಿಯಮಗಳೂ ಇವೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಾಯಿ ಲೆಕ್ಕದಲ್ಲಿ ಮುಂದಿದ್ದರೆ ಕಾಯಿ ಬದಲಾಯಿಸಿ, ಪಾನ್ ಉಳಿಸಿ. ಹಿಂದಿದ್ದರೆ ಪಾನ್‌ಗಳನ್ನು ಖಾಲಿ ಮಾಡಿ. ಜಾಗ ಇಕ್ಕಟ್ಟಾಗಿದ್ದರೆ ಬದಲಾಯಿಸಿದಷ್ಟೂ ಹಗುರ. ಜಾಗ ನಿಮ್ಮ ಹತ್ತಿರ ಜಾಸ್ತಿ ಇದ್ದರೆ ಬದಲಾಯಿಸದೆ ಅವರನ್ನು ಇಕ್ಕಟ್ಟಿನಲ್ಲೇ ಇಡಿ.

ಆನೆಬಲ:

ಜುಗ್ಜ್ವಾಂಗ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬರೀ ಪಾನ್‌ಗಳ ಎಂಡ್‌ಗೇಮ್‌ಗೆ ಹೋಗುವ ಬದಲಾವಣೆ ಅಂದರೆ ಅಲ್ಲಿಗೆ ಕೈ ಕಟ್ಟಿದ ಹಾಗೆ. ಅಲ್ಲಿಂದ ವಾಪಸ್ ಬರೋಕಾಗಲ್ಲ. ಕೊನೆಯ ಕಾಯಿ ಬದಲಾಗುವ ಮುಂಚೆ ಪಾನ್ ಎಂಡ್‌ಗೇಮ್ ಕೊನೆಯವರೆಗೆ ಲೆಕ್ಕ ಹಾಕಲೇಬೇಕು.

2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್ ತೀರ್ಮಾನ ಆಗಿದ್ದೇ ಇದರಿಂದ ಅಲ್ವಾ? 14ನೇ ಗೇಮ್, ಆಗಿನ ಚಾಂಪಿಯನ್ ಡಿಂಗ್ ಲಿರೆನ್‌ಗೆ ಒಂದು ಪಾನ್ ಕಡಿಮೆ ಇತ್ತು, ಆದರೂ ಡ್ರಾ ಆಗುವ ಪೊಸಿಷನ್. 55ನೇ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ತಂದರು, ಆನೆಗಳು ಬದಲಾಗಲಿ ಅಂತ. ಅವರ ಒಂಟೆ ಎ8 ಮೂಲೆಯಲ್ಲಿತ್ತು. ಗುಕೇಶ್ ಆನೆ ಹೊಡೆದು, ಒಂಟೆಯನ್ನು ಡಿ5ಕ್ಕೆ ತಂದು ಎದುರಿಗೆ ನಿಲ್ಲಿಸಿದರು. ಮೂಲೆಯ ಒಂಟೆಗೆ ತಪ್ಪಿಸಿಕೊಳ್ಳೋಕೆ ದಾರಿಯೇ ಇರಲಿಲ್ಲ. ಒಂಟೆಗಳೂ ಹೋದವು. ಬರೀ ರಾಜ, ಪಾನ್ ಉಳಿದಾಗ ಆ ಒಂದು ಪಾನ್ ಸಾಕಾಯಿತು. ಆನೆಗಳ ಬದಲಾವಣೆ ಒಂದೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ ಅನ್ನೋದೇ ಅಲ್ಲಿಯ ಮರ್ಮ.

ಟೈಮ್_ಟ್ರಬಲ್:

ಎಲ್ಲ ಸರಿ, ಇಷ್ಟೆಲ್ಲ ಯೋಚಿಸೋಕೆ ಟೈಮ್ ಎಲ್ಲಿ? ಹತ್ತು ನಿಮಿಷದ ಗೇಮ್‌ನಲ್ಲಿ ಪಾನ್ ರಚನೆ ಧ್ಯಾನ ಮಾಡ್ತಾ ಕೂತರೆ ಫ್ಲ್ಯಾಗ್ ಬೀಳುತ್ತೆ, ಅಂದರೆ ಟೈಮ್ ಮುಗಿಯುತ್ತೆ.

ಕರಿ_ಒಂಟೆ:

ಪ್ರತಿ ನಡೆಗೂ ಯೋಚಿಸಬೇಕಾಗಿಲ್ಲ. ವಾಪಸ್ ತರೋಕಾಗದ ನಡೆಗಳಿಗೆ ಟೈಮ್ ಕೊಡಿ. ಪಾನ್ ತಳ್ಳುವುದು ಅಂಥದ್ದು, ಪಾನ್ ಹಿಂದಕ್ಕೆ ಬರಲ್ಲ. ಕಾಯಿ ಬದಲಾವಣೆ ಅಂಥದ್ದು. ಯಾವ ಕಡೆ ಕ್ಯಾಸಲಿಂಗ್ ಅನ್ನೋದೂ ಅಂಥದ್ದೇ. ಕುದುರೆ ಒಂದು ಮನೆ ತಪ್ಪಿ ಹೋದರೆ ಎರಡು ನಡೆ ನಷ್ಟ, ವಾಪಸ್ ತರಬಹುದು.

ಇನ್ನೊಂದು, ಎದುರಾಳಿಯ ಗಡಿಯಾರ ಓಡುವಾಗ ಲೆಕ್ಕ ಹಾಕಬೇಡಿ. ಆಗ ಪಾನ್ ನೋಡಿ, ಕೆಲಸವಿಲ್ಲದ ಕಾಯಿ ಯಾವುದು ನೋಡಿ. ನಿಮ್ಮ ಗಡಿಯಾರ ಓಡುವಾಗ ಲೆಕ್ಕ ಹಾಕಿ.

ಸುಮ್ನೆ_ಪಾನ್:

ನಿಮ್ಮ ಸೂತ್ರಗಳ ಮೇಲೆ ನನಗಿರೋ ದೊಡ್ಡ ಆಕ್ಷೇಪ ಹೇಳಲೇ? ಟಾಪ್ ಆಟಗಾರರು ಅವನ್ನೆಲ್ಲ ಗಾಳಿಗೆ ತೂರುತ್ತಾರೆ. ಸಿಸಿಲಿಯನ್ ಓಪನಿಂಗ್‌ನ ಸ್ವೆಶ್ನಿಕೋವ್ ವಿಧ ತಗೊಳ್ಳಿ. ಕಪ್ಪು ತಾನೇ ಕೈಯಾರೆ ಇ5 ತಳ್ಳಿ ಡಿ6 ಪಾನ್ ಹಿಂದುಳಿಸಿಕೊಳ್ಳುತ್ತದೆ, ಡಿ5 ಮನೆಯಲ್ಲಿ ದೊಡ್ಡ ತೂತು (ಸ್ವಂತ ಪಾನ್‌ನಿಂದ ಕಾಯೋಕಾಗದ ಮನೆ). ಪುಸ್ತಕದ ಪ್ರಕಾರ ಘೋರ ಅಪರಾಧ. 2018ರಲ್ಲಿ ಕರುವಾನ ಎದುರು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಾರ್ಲ್‌ಸನ್ ಇದನ್ನೇ ಆಡಿದ್ದು. ಹಾಗಾದರೆ ಸೂತ್ರಕ್ಕೆ ಏನು ಬೆಲೆ?

ಆನೆಬಲ:

ಒಳ್ಳೆ ಉದಾಹರಣೆ. ಆದರೆ ಕಾರ್ಲ್‌ಸನ್‌ಗೆ ಡಿ5 ತೂತು ಕಾಣಲಿಲ್ಲ ಅಂತ ನೀವೂ ಹೇಳಲ್ಲ. ಅಲ್ಲಿ ಕೊಟ್ಟಿದ್ದು ಒಂದು ಮನೆ. ಪಡೆದಿದ್ದು ಟೈಮ್ (ಇ5 ತಳ್ಳಿದಾಗ ಬಿಳಿ ಕುದುರೆ ಎದ್ದು ಓಡಬೇಕು), ಸೆಂಟರ್‌ನಲ್ಲಿ ಪಾನ್, ಕಾಯಿಗಳಿಗೆ ಓಡಾಟ. ಸೂತ್ರ ಬೆಲೆ ಪಟ್ಟಿ ಇದ್ದ ಹಾಗೆ ಅಂತ ನಾನು ನೋಡೋದು. ‘ತೂತು ಬಿಡಬೇಡ’ ಅನ್ನೋದರ ಅರ್ಥ ತೂತಿಗೆ ಬೆಲೆ ಇದೆ, ಪುಕ್ಕಟೆ ಬಿಡಬೇಡ ಅಂತ.

ಪೆಟ್ರೋಸಿಯನ್ 1953ರ ಜ್ಯೂರಿಕ್ ಕ್ಯಾಂಡಿಡೇಟ್ಸ್‌ನಲ್ಲಿ ರೆಶೆವ್ಸ್ಕಿ ವಿರುದ್ಧ ಆನೆಯನ್ನು ಇ6ರಲ್ಲಿ ಒಂಟೆಯ ಬಾಯಿಗೆ ಇಟ್ಟಿದ್ದು ಇದೇ ಲೆಕ್ಕದಲ್ಲಿ. ಬಿಳಿಯ ಸೆಂಟರ್ ಪಾನ್‌ಗಳು ಉರುಳಿಕೊಂಡು ಬರುವುದರಲ್ಲಿದ್ದವು. ಅವನ್ನು ತಡೆಯೋಕೆ ಕುದುರೆ ಡಿ5ಕ್ಕೆ ಹೋಗಬೇಕು, ಅದಕ್ಕೆ ದಾರಿ ಬೇಕು. ಆನೆ ಕೊಟ್ಟು ಒಂಟೆ ತೆಗೆದುಕೊಂಡು ಕುದುರೆಯನ್ನು ಡಿ5ರಲ್ಲಿ ಕೂರಿಸಿದರು. ಗೇಮ್ ಡ್ರಾ ಆಯಿತು. ಆನೆ ಒಂಟೆಗಿಂತ ದೊಡ್ಡದು ಅನ್ನೋ ಸೂತ್ರ ಮುರಿದರು, ಪಾನ್ ಓಡುವ ಮುಂಚೆ ಅದರ ಮುಂದೆ ಕುದುರೆ ಕೂರಿಸು ಅನ್ನೋ ಸೂತ್ರ ಪಾಲಿಸಿದರು. ಎರಡು ಸೂತ್ರ ಕಿತ್ತಾಡಿದಾಗ ಯಾವುದು ಇಲ್ಲಿ ಭಾರ ಅನ್ನೋ ತೀರ್ಮಾನವೇ ಆಟಗಾರನ ಕೆಲಸ.

ಸುಮ್ನೆ_ಪಾನ್:

ಸರಿ, ಬೆಲೆ ಪಟ್ಟಿ ಒಪ್ಪಿದೆ. ಪುಕ್ಕಟೆ ಕುದುರೆ ಕೊಡೋರಿಗೆ ಮೊದಲು ಅದು ನಿಲ್ಲಲಿ ಅನ್ನೋ ಮಾತು ಮಾತ್ರ ವಾಪಸ್ ತಗೊಳ್ಳಲ್ಲ :)

ಹದಿನೈದನೇ_ನಡೆ:

ಅಟ್ಯಾಕ್ ಬಗ್ಗೆ ಯಾರೂ ಏನೂ ಹೇಳಲಿಲ್ಲವಲ್ಲ? ನನಗೆ ರಾಜನ ಮೇಲೆ ನುಗ್ಗೋದೇ ಇಷ್ಟ. ಕೆಲವೊಮ್ಮೆ ಗೆಲ್ಲುತ್ತೇನೆ, ಬಹಳಷ್ಟು ಸಲ ಅರ್ಧಕ್ಕೇ ಉಸಿರು ನಿಲ್ಲುತ್ತದೆ.

ಜುಗ್ಜ್ವಾಂಗ್:

ಇದಕ್ಕೆ ಉತ್ತರ 19ನೇ ಶತಮಾನದಲ್ಲೇ ಸಿಕ್ಕಿದೆ. 1886ರಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್ ಆದ ಸ್ಟೈನಿಟ್ಜ್ ಹೇಳುತ್ತಾ ಬಂದಿದ್ದು ಅದನ್ನೇ: ಧೈರ್ಯ ಇದೆ ಅಂತ ಅಟ್ಯಾಕ್ ಮಾಡಬೇಡ, ಪೊಸಿಷನ್‌ನಲ್ಲಿ ಮೇಲುಗೈ ಇದ್ದರೆ ಮಾಡು. ಸಣ್ಣ ಸಣ್ಣ ಲಾಭ ಕೂಡಿಡು, ಸಾಕಷ್ಟು ಆದಾಗ ನುಗ್ಗು.

ಲೆಕ್ಕ ಸುಲಭ. ಅವರ ರಾಜನ ಸುತ್ತ ನಿಮ್ಮ ಕಾಯಿ ಎಷ್ಟು ತಲುಪುತ್ತವೆ, ಅವರ ಕಾವಲು ಕಾಯಿ ಎಷ್ಟು ಇವೆ, ಎಣಿಸಿ. ರಾಣಿ ಮತ್ತು ಒಂದು ಒಂಟೆ ಇಟ್ಟುಕೊಂಡು ನುಗ್ಗಿದರೆ ಒಂದು ಚೆಕ್, ಎರಡು ಚೆಕ್, ಅಷ್ಟೇ. ಆಮೇಲೆ ರಾಣಿ ಓಡಿ ಬರಬೇಕು. ಸೆಂಟರ್ ನೋಡಿಕೊಳ್ಳಿ. ಬದಿಯಲ್ಲಿ ನುಗ್ಗುವಾಗ ಸೆಂಟರ್ ತೆರೆದುಕೊಂಡಿದ್ದರೆ ಅವರು ಅಲ್ಲಿಂದಲೇ ತಿರುಗಿ ಹೊಡೆಯುತ್ತಾರೆ. ಸೆಂಟರ್ ಬೀಗ ಬಿದ್ದಿದ್ದರೆ ಧಾರಾಳವಾಗಿ ನುಗ್ಗಿ. ಇಬ್ಬರೂ ಬೇರೆ ಬೇರೆ ಕಡೆ ಕ್ಯಾಸಲಿಂಗ್ ಮಾಡಿದ್ದರೆ ಮಾತ್ರ ಅದು ಓಟದ ಪಂದ್ಯ. ಅಲ್ಲಿ ಮೀನಮೇಷ ಎಣಿಸಿದವನು ಸೋತ.

ಬೋರ್ಡಿನ ಒಂದೇ ಕಡೆ ಒಂದೇ ಹುಳುಕು ಇದ್ದರೆ ಒಳ್ಳೆ ಎದುರಾಳಿ ತಡೆದುಕೊಳ್ಳುತ್ತಾನೆ. ಇನ್ನೊಂದು ಕಡೆ ಎರಡನೆಯದನ್ನು ಹುಟ್ಟಿಸಿ. ಕಾವಲಿಗೆ ಓಡಾಡುವ ಕಾಯಿಗಳು ಎಲ್ಲೋ ಒಂದು ಕಡೆ ತಡವಾಗುತ್ತವೆ. ಆನೆಬಲ ಸರ್ ಹೇಳಿದ ಸಿ6 ಪಾನ್ ವಿಷಯದಲ್ಲೂ ಹಾಗೇ. ಅದೊಂದನ್ನೇ ಹಿಡಿದು ಕೂತರೆ ಸಾಲದು.

ಟೈಮ್_ಟ್ರಬಲ್:

ಎಂಜಿನ್ (ನಡೆಗಳನ್ನು ಪರೀಕ್ಷಿಸುವ ಚೆಸ್ ಪ್ರೋಗ್ರಾಂ) ಬಗ್ಗೆ ಒಂದು ಮಾತು. ಗೇಮ್ ಮುಗಿದ ಕೂಡಲೇ ಎಂಜಿನ್ ಹಾಕಿ ತಪ್ಪುಗಳ ಕೆಂಪು ಗುರುತು ನೋಡೋದು ಸರಿಯೇ?

ಕರಿ_ಒಂಟೆ:

ಮೊದಲು ನೀವೇ ನೋಡಿ. ಪ್ಲಾನ್ ಎಲ್ಲಿ ಬದಲಾಯಿಸಿದಿರಿ, ಎಲ್ಲಿ ಏನೂ ತೋಚಲಿಲ್ಲ, ಅಲ್ಲಿ ಗುರುತು ಹಾಕಿ. ಆಮೇಲೆ ಎಂಜಿನ್. ಅದು ನಡೆ ತೋರಿಸುತ್ತದೆ, ಕಾರಣ ತೋರಿಸಲ್ಲ. 0.3 ಪಾನ್‌ನಷ್ಟು ಮುಂದಿದ್ದೀರಿ ಅಂತ ತೋರಿಸಿದರೆ ನಿಮ್ಮ ಮಟ್ಟದಲ್ಲಿ ಅದು ಸಮ ಅಂತಲೇ ಲೆಕ್ಕ.

ಆನೆಬಲ:

ಎಂಡ್‌ಗೇಮ್ ಮಾತು ಬಂದಿದ್ದರಿಂದ ಇದೊಂದು ಬರೆದುಬಿಡುತ್ತೇನೆ. ಮಿಡಲ್‌ಗೇಮ್‌ನಲ್ಲಿ ರಾಜನನ್ನು ಬಚ್ಚಿಡಬೇಕು ಅನ್ನೋ ಅಭ್ಯಾಸ ಬಲಿತು, ರಾಣಿಗಳು ಹೋದ ಮೇಲೂ ಅವನನ್ನು ಮೂಲೆಯಲ್ಲೇ ಕೂರಿಸಿರುತ್ತೇವೆ. 1924ರ ನ್ಯೂಯಾರ್ಕ್ ಟೂರ್ನಮೆಂಟ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಬಿಳಿಯಲ್ಲಿ ಟಾರ್ಟಕೋವರ್ ವಿರುದ್ಧ ಆಡಿದ ಆನೆ ಎಂಡ್‌ಗೇಮ್ ನೋಡಿ. 35ನೇ ನಡೆಯಲ್ಲಿ ರಾಜ ಜಿ3. ಕಪ್ಪು ಆನೆ ಸಿ3 ಪಾನ್ ಹೊಡೆದು ಚೆಕ್ ಕೊಟ್ಟಿತು. ರಾಜ ಎಚ್4. ಸ್ವಲ್ಪದರಲ್ಲೇ ಎಫ್4 ಪಾನ್ ಕೂಡ ಹೋಯಿತು, ಮತ್ತೆ ಚೆಕ್. ರಾಜ ಜಿ5, ಅಲ್ಲಿಂದ ಎಫ್6. ಎರಡು ಪಾನ್ ಕೊಟ್ಟು ರಾಜ ನಾಲ್ಕು ಹೆಜ್ಜೆ ನಡೆದ. ಆನೆ ಎಚ್7ರಲ್ಲಿ, ಪಾನ್ ಜಿ6ರಲ್ಲಿ, ರಾಜ ಎಫ್6ರಲ್ಲಿ. ಕಪ್ಪು ರಾಜನಿಗೆ ಮುಂದಿನ ನಡೆಗೇ ಮೇಟ್ ಬೆದರಿಕೆ. ಪಾನ್ ಎಣಿಸುತ್ತಾ ಕೂತಿದ್ದರೆ ಆ ಗೇಮ್ ಗೆಲ್ಲುತ್ತಿರಲಿಲ್ಲ.

ಎಲ್ಲರಿಗೂ ಒಂದು ಪಜಲ್ ಇಡುತ್ತೇನೆ. ಆಟಗಾರ ರೆಟಿ 1921ರಲ್ಲಿ ರಚಿಸಿದ್ದು. ಬಿಳಿ: ರಾಜ ಎಚ್8, ಪಾನ್ ಸಿ6. ಕಪ್ಪು: ರಾಜ ಎ6, ಪಾನ್ ಎಚ್5. ಬಿಳಿಯ ಸರದಿ. ಡ್ರಾ ಮಾಡಬೇಕು. ಮೊದಲೇ ಗೊತ್ತಿದ್ದವರು ದಯವಿಟ್ಟು ಸ್ವಲ್ಪ ಹೊತ್ತು ಸುಮ್ಮನಿರಿ.

ಸುಮ್ನೆ_ಪಾನ್:

ಆಗೋ ಮಾತಲ್ಲ. ಕಪ್ಪು ಪಾನ್ ಎರಡು ಹೆಜ್ಜೆ ಮುಂದಿದೆ, ಬಿಳಿ ರಾಜ ಹಿಡಿಯೋಕಾಗಲ್ಲ. ತನ್ನ ಪಾನ್ ಕಾಯೋಣ ಅಂದರೆ ಅದು ಇನ್ನೂ ದೂರ. ಕಪ್ಪು ರಾಜ ಪಕ್ಕದಲ್ಲೇ ಕೂತಿದ್ದಾನೆ.

ಹದಿನೈದನೇ_ನಡೆ:

ಬೋರ್ಡ್ ಮೇಲೆ ಇಟ್ಟು ನೋಡಿದೆ. ಎರಡೂ ಒಂದೊಂದಾಗಿ ಆಗಲ್ಲ. ಆದರೆ ರಾಜ ಓರೆಯಾಗಿ ನಡೆದರೆ ಎರಡರ ಕಡೆಗೂ ಒಟ್ಟಿಗೆ ಹೋದ ಹಾಗೆ ಆಗುತ್ತದಲ್ಲ? ರಾಜ ಜಿ7, ಕಪ್ಪು ಎಚ್4. ರಾಜ ಎಫ್6, ಈಗ ಕಪ್ಪು ರಾಜ ಬಿ6ಕ್ಕೆ ಬಂದು ಪಾನ್ ಹೊಡೆಯೋಕೆ ನೋಡುತ್ತಾನೆ. ರಾಜ ಇ5! ಈಗ ಕಪ್ಪು ಸಿ6 ಹೊಡೆದರೆ ರಾಜ ಎಫ್4, ಪಾನ್ ಸಿಕ್ಕಿಬೀಳುತ್ತದೆ. ಹೊಡೆಯದೆ ಎಚ್3 ಓಡಿದರೆ ರಾಜ ಡಿ6, ನಮ್ಮ ಪಾನ್‌ಗೆ ಕಾವಲು. ಇಬ್ಬರಿಗೂ ರಾಣಿ ಆಗುತ್ತದೆ, ಡ್ರಾ.

ಸುಮ್ನೆ_ಪಾನ್:

ಅರೆ! ಮಧ್ಯೆ ರಾಜನನ್ನು ಬಿ6ಕ್ಕೆ ತರದೆ ಎಚ್3 ನೇರ ಓಡಿಸಿದರೆ?

ಆನೆಬಲ:

ಆಗ ರಾಜ ಇ7, ಎಚ್2, ಸಿ7, ರಾಜ ಬಿ7, ರಾಜ ಡಿ7. ಅಲ್ಲೂ ಎರಡು ಪಾನ್ ಒಟ್ಟಿಗೇ ರಾಣಿ. ಎಫ್6ರಿಂದ ಇ6ಕ್ಕೆ ಹೋದರೂ ನಡೆಯುತ್ತದಾ, ಅದನ್ನು ನೀವೇ ಬೋರ್ಡ್ ಮೇಲೆ ನೋಡಿ ಹೇಳಿ.